ಏರ್‌ಪೋರ್ಟ್ ಸೆಕ್ಯುರಿಟಿ ಚೆಕ್: ಯಾವ ಸಾಲು ಬೇಗ ಸಾಗುತ್ತೆ? ತಲೆ ಎಣಿಸಬೇಡಿ, ಟ್ರೇ ಎಣಿಸಿ

ಸೂರತ್‌ಗೆ ಸೀರೆ ಖರೀದಿಗೆ, ದೆಹಲಿಗೆ ಮೊಬೈಲ್ ಬಿಡಿಭಾಗಕ್ಕೆ, ಮುಂಬೈಗೆ ಫ್ಯಾನ್ಸಿ ಸಾಮಾನಿಗೆ ಹೋಗುವ ಅಂಗಡಿಯವರು ಈಗ ರೈಲಿನ ಜೊತೆಗೆ ವಿಮಾನವನ್ನೂ ಹಿಡಿಯುತ್ತಿದ್ದಾರೆ. ರಾತ್ರಿಯೇ ಊರು ಬಿಟ್ಟು, ಬೆಳಗಿನ ಜಾವ ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಸೇರಿ, ಬೋರ್ಡಿಂಗ್ ಪಾಸ್ ಕೈಗೆ ಬಂದ ಮೇಲೆ 'ಇನ್ನೇನು ಮುಗೀತು' ಅಂತ ಉಸಿರು ಬಿಡುವವರೇ ಹೆಚ್ಚು. ಆದರೆ ಸಮಯ ತಿನ್ನುವ ಜಾಗ ಅದರ ಮುಂದೆ ಇರುವುದು: ಸೆಕ್ಯುರಿಟಿ ಚೆಕ್.

ದೇಶದೊಳಗಿನ ವಿಮಾನಗಳಿಗೆ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲು ಚೆಕ್-ಇನ್ ಕೌಂಟರ್, 25 ನಿಮಿಷ ಮೊದಲು ಬೋರ್ಡಿಂಗ್ ಗೇಟ್ ಮುಚ್ಚುತ್ತದೆ. ಕೊನೆ ಕ್ಷಣದಲ್ಲಿ ಬ್ಯಾಗ್ ಕೊಟ್ಟವರಿಗೆ ಇವೆರಡರ ನಡುವೆ ಸಿಗುವುದು 35 ನಿಮಿಷ ಮಾತ್ರ. ಅಷ್ಟರಲ್ಲಿ ತಪಾಸಣೆ ಮುಗಿಸಿ, ಗೇಟ್‌ವರೆಗೆ ನಡೆಯಲೂ ಬೇಕು. ತಪ್ಪಿದರೆ ಟಿಕೆಟ್ ಹಣದ ಬಹುಪಾಲು ಹೋದಂತೆಯೇ, ಮಾರುಕಟ್ಟೆಯ ಒಂದು ದಿನವೂ ಹೋಯಿತು.

ತಪಾಸಣೆ ಎರಡು ದಾರಿಯಲ್ಲಿ ನಡೆಯುತ್ತೆ

ದೇಶದ ವಿಮಾನ ನಿಲ್ದಾಣಗಳ ಭದ್ರತಾ ನಿಯಮಗಳನ್ನು ಮಾಡುವುದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ. ಬೆಂಗಳೂರು, ಮಂಗಳೂರಿನಂಥ ನಿಲ್ದಾಣಗಳಲ್ಲಿ ಭದ್ರತೆ ಸಿಐಎಸ್‌ಎಫ್ ಹೊಣೆ. 1999ರ ಡಿಸೆಂಬರ್‌ನಲ್ಲಿ ಐಸಿ 814 ವಿಮಾನ ಅಪಹರಣ ಆದ ಮೇಲೆ ವಿಮಾನ ನಿಲ್ದಾಣಗಳನ್ನು ಈ ಪಡೆಗೆ ವಹಿಸುವ ಕೆಲಸ ಶುರುವಾಯಿತು. 2000ದ ಫೆಬ್ರವರಿಯಲ್ಲಿ ಮೊದಲು ವಹಿಸಿದ್ದು ಜೈಪುರ ನಿಲ್ದಾಣವನ್ನು.

ತಪಾಸಣೆಯಲ್ಲಿ ಬ್ಯಾಗ್ ಒಂದು ದಾರಿ ಹಿಡಿಯುತ್ತೆ, ಮನುಷ್ಯ ಇನ್ನೊಂದು ದಾರಿ. ಬ್ಯಾಗ್ ಟ್ರೇಯಲ್ಲಿ ಕೂತು ಎಕ್ಸ್-ರೇ ಯಂತ್ರದೊಳಗೆ ಹೋಗುತ್ತೆ. ಪ್ರಯಾಣಿಕರು ಲೋಹ ಪತ್ತೆ ಬಾಗಿಲು ದಾಟಿ, ಕೈಯಲ್ಲಿ ಹಿಡಿಯುವ ಡಿಟೆಕ್ಟರ್‌ನ ತಪಾಸಣೆಗೆ ನಿಲ್ಲುತ್ತಾರೆ. ಮಹಿಳೆಯರಿಗೆ ಪರದೆ ಮರೆಯಲ್ಲಿ ಮಹಿಳಾ ಸಿಬ್ಬಂದಿಯೇ ತಪಾಸಣೆ ಮಾಡುತ್ತಾರೆ. ಈ ಎರಡರಲ್ಲಿ ಯಾವುದು ನಿಧಾನವೋ, ಸಾಲಿನ ವೇಗ ಅದರದ್ದೇ.

ಸಾಲು ಸೇರುವ ಮುಂಚೆ ಎಲ್ಲರೂ ಸಾಲಿನ ಬಾಲ ನೋಡುತ್ತಾರೆ. ನೋಡಬೇಕಾದ್ದು ಯಂತ್ರದ ಆಚೆ ಬದಿ. ಟ್ರೇಗಳು ಬಂದು ರಾಶಿ ಬಿದ್ದಿದ್ದು, ಎತ್ತಿಕೊಳ್ಳುವವರೇ ಇಲ್ಲದಿದ್ದರೆ ಆ ಸಾಲಿನಲ್ಲಿ ಮನುಷ್ಯರ ತಪಾಸಣೆ ನಿಧಾನ. ಜನ ಬಂದು ನಿಂತು ಬ್ಯಾಗಿಗೆ ಕಾಯುತ್ತಿದ್ದರೆ ಯಂತ್ರ ನಿಧಾನ. ಪಕ್ಕದ ಮೇಜಿನ ಮೇಲೆ ಬಿಚ್ಚಿ ನೋಡಲು ಎತ್ತಿಟ್ಟ ಬ್ಯಾಗ್‌ಗಳು ನಾಲ್ಕೈದು ಇದ್ದರೆ ಆ ಸಾಲಿಗೆ ಹೋಗದಿರುವುದೇ ಒಳ್ಳೆಯದು. ಬ್ಯಾಗೂ ಮನುಷ್ಯನೂ ಹೆಚ್ಚುಕಮ್ಮಿ ಒಟ್ಟಿಗೆ ಹೊರಬರುತ್ತಿರುವ ಸಾಲು ಒಳ್ಳೇ ಸಾಲು.

ಆರು ಮಂದಿ ಹೆಚ್ಚೋ, ಎಂಟು ಮಂದಿಯೋ?

ಎಡಗಡೆ ಸಾಲಿನಲ್ಲಿ 6 ಮಂದಿ, ಬಲಗಡೆ 8 ಮಂದಿ ಇದ್ದಾರೆ ಅಂದುಕೊಳ್ಳಿ. ಎಡಗಡೆ ಇರುವುದು ಮದುವೆಗೆ ಹೊರಟ ಮನೆಮಂದಿ: ಮಗುವಿನ ತಳ್ಳುಗಾಡಿ, ಸೀರೆ ಚೀಲ, ತಿಂಡಿ ಬುಟ್ಟಿ. ತಲೆಗೆ 3 ಟ್ರೇ ಹಿಡಿದರೆ 18 ಟ್ರೇ. ಬಲಗಡೆಯವರು ಒಂದೊಂದು ಬ್ಯಾಗ್, ಒಂದೊಂದು ಲ್ಯಾಪ್‌ಟಾಪ್ ಹಿಡಿದವರು. ತಲೆಗೆ 2 ಅಂದರೂ 16 ಟ್ರೇ. ಯಂತ್ರಕ್ಕೆ ತಲೆ ಲೆಕ್ಕ ಗೊತ್ತಿಲ್ಲ, ಅದು ನೋಡುವುದು ಟ್ರೇ. ಮೇಲಾಗಿ ವಾರಕ್ಕೊಮ್ಮೆ ಹಾರುವವರು ಸಾಲಿನಲ್ಲೇ ಬೆಲ್ಟ್, ಮೊಬೈಲ್ ತೆಗೆದಿಟ್ಟುಕೊಂಡಿರುತ್ತಾರೆ. ಮೊದಲ ಸಲ ಬಂದವರಿಗೆ ಟ್ರೇ ಮುಂದೆ ನಿಂತ ಮೇಲೆ ಜೇಬು ನೆನಪಾಗುತ್ತೆ. ಅದು ಅವರ ತಪ್ಪಲ್ಲ, ಎಲ್ಲರೂ ಒಂದು ದಿನ ಹೊಸಬರೇ.

ಬೆಂಗಳೂರಿನ ಎರಡನೇ ಟರ್ಮಿನಲ್‌ನಂಥ ಕಡೆ ಟ್ರೇಗಳು ತಾವಾಗಿಯೇ ತಿರುಗಿ ಬರುವ ವ್ಯವಸ್ಥೆ ಇದೆ. ಅಲ್ಲಿ ಒಂದೇ ಬೆಲ್ಟ್ ಪಕ್ಕದಲ್ಲಿ ಮೂರ್ನಾಲ್ಕು ಮಂದಿ ಒಟ್ಟಿಗೆ ಟ್ರೇ ತುಂಬಬಹುದು. ಮುಂದಿನವರು ಬೆಲ್ಟ್ ಬಿಚ್ಚುತ್ತಾ ನಿಂತಿದ್ದರೆ ಅವರ ಹಿಂದೆ ಕಾಯಬೇಕಿಲ್ಲ, ಖಾಲಿ ಇರುವ ಪಕ್ಕದ ಜಾಗಕ್ಕೆ ಹೋಗಿ ತುಂಬಿ. ಅನುಮಾನ ಬಂದ ಟ್ರೇ ತಾನಾಗಿ ಬೇರೆ ಹಳಿಗೆ ಸರಿಯುವುದರಿಂದ ಒಬ್ಬರ ಬ್ಯಾಗಿಗಾಗಿ ಇಡೀ ಸಾಲು ನಿಲ್ಲುವುದೂ ಕಡಿಮೆ.

'ಪಕ್ಕದ ಸಾಲೇ ಓಡುತ್ತೆ' ಅನ್ನಿಸುವುದು ಯಾಕೆ?

ಇದು ಹಣೆಬರಹ ಅಲ್ಲ, ಬರೀ ಲೆಕ್ಕ. ಮೂರು ಸಾಲು ಇದ್ದು, ಯಾವುದರ ಬಗ್ಗೆಯೂ ಏನೂ ಗೊತ್ತಿಲ್ಲದೆ ನಿಂತರೆ ಬೇಗ ಸಾಗುವ ಸಾಲು ನಿಮ್ಮದೇ ಆಗುವ ಸಾಧ್ಯತೆ ಮೂರರಲ್ಲಿ ಒಂದು. ಉಳಿದ ಎರಡು ಪಾಲು ಸಲ ಬೇರೆ ಯಾವುದೋ ಸಾಲು ಮುಂದೆ ಇರುತ್ತೆ. ಅದನ್ನು ನೋಡಿ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹಾರುತ್ತಾ ಹೋದರೆ ಪ್ರತಿ ಸಲವೂ ಬಾಲದಿಂದ ಶುರು ಮಾಡಬೇಕು. ಹೊಸ ಯಂತ್ರ ತೆರೆದು ಸಿಬ್ಬಂದಿ ಕರೆದಾಗ ಮಾತ್ರ ಹೋಗಿ, ಇಲ್ಲದಿದ್ದರೆ ಇರುವಲ್ಲೇ ಇರಿ. ಒಂದೇ ಉದ್ದ ಸಾಲು ಮಾಡಿ ಕೊನೆಯಲ್ಲಿ ಹಂಚುವ ಕಡೆ ಸಾಲು ದೊಡ್ಡದಾಗಿ ಕಂಡರೂ ಗಾಬರಿ ಬೇಡ. ಅಲ್ಲಿ ಒಬ್ಬರ ಬ್ಯಾಗ್ ಸಿಕ್ಕಿಬಿದ್ದರೂ ಉಳಿದವರು ಬೇರೆ ಯಂತ್ರಗಳಿಗೆ ಸಾಗುತ್ತಾರೆ.

ಡಿಜಿಯಾತ್ರೆಯಿಂದ ಏನು ಉಪಯೋಗ?

ಮುಖ ತೋರಿಸಿ ಒಳಹೋಗುವ ಡಿಜಿಯಾತ್ರೆ 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿಯಲ್ಲಿ ಶುರುವಾಯಿತು. ಆಧಾರ್ ಮೂಲಕ ಆ್ಯಪ್‌ನಲ್ಲಿ ನೋಂದಣಿ ಮಾಡಿ, ಪ್ರತಿ ಪ್ರಯಾಣಕ್ಕೂ ಬೋರ್ಡಿಂಗ್ ಪಾಸ್ ಸೇರಿಸಬೇಕು. ಇದರಿಂದ ಹೊರಬಾಗಿಲಿನಲ್ಲಿ ಮತ್ತು ತಪಾಸಣಾ ಜಾಗದ ಪ್ರವೇಶದಲ್ಲಿ ಕಾಗದ ತೋರಿಸುವ ಸಮಯ ಉಳಿಯುತ್ತೆ. ಆದರೆ ಬ್ಯಾಗ್ ತಪಾಸಣೆ, ಮೈ ತಪಾಸಣೆ ತಪ್ಪಲ್ಲ. ನೋಂದಣಿಯನ್ನು ಮನೆಯಲ್ಲೇ ಮುಗಿಸಿ, ಗೇಟಿನ ಮುಂದೆ ನಿಂತು ಒಟಿಪಿಗೆ ಕಾಯಬೇಡಿ.

ನಿಮ್ಮ ಬ್ಯಾಗೇ ನಿಮ್ಮ ಸಾಲು

ಒಳ್ಳೇ ಸಾಲು ಆರಿಸಿದರೂ ನಿಮ್ಮ ಬ್ಯಾಗ್ ಪಕ್ಕದ ಮೇಜಿಗೆ ಹೋದರೆ ಉಳಿದದ್ದೆಲ್ಲ ನೀರಿನಲ್ಲಿ ಹೋಮ. ಅಂಗಡಿಯವರ ಬ್ಯಾಗ್ ನಿಲ್ಲುವುದು ಹೆಚ್ಚಾಗಿ ಇವುಗಳಿಂದ:

ಪವರ್ ಬ್ಯಾಂಕ್: ಇದು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ. ಸಾಮಾನ್ಯ ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್‌ನ ಪವರ್ ಬ್ಯಾಂಕ್ ಸುಮಾರು 74 ವ್ಯಾಟ್-ಅವರ್ ಆಗುತ್ತೆ, ತೊಂದರೆ ಇಲ್ಲ. ಅಳತೆ ಅಳಿಸಿಹೋದ ಲೋಕಲ್ ಮಾಲು ಬೇಡ.

ಕತ್ತರಿ, ಬ್ಲೇಡ್, ಸ್ಕ್ರೂಡ್ರೈವರ್: ಟೈಲರ್, ಎಲೆಕ್ಟ್ರಿಕಲ್ ಅಂಗಡಿಯವರು ಮರೆತು ಕೈಚೀಲದಲ್ಲಿ ಬಿಡುವುದು ಇವನ್ನೇ. ಚೆಕ್-ಇನ್ ಬ್ಯಾಗಿಗೆ ಹಾಕಿ.

ಬೆಂಕಿಪೊಟ್ಟಣ, ಲೈಟರ್: ಎರಡೂ ಬ್ಯಾಗಿನಲ್ಲಿ ಬೇಡ.

ಕೊಬ್ಬರಿ: ಎಣ್ಣೆ ಅಂಶ ಹೆಚ್ಚಿದ್ದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಅನ್ನುವ ಕಾರಣಕ್ಕೆ ಒಣ ಕೊಬ್ಬರಿ ವಿಮಾನಯಾನದ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ನೆಂಟರಿಗೆ ಅಂತ ತಿಪಟೂರು ಕೊಬ್ಬರಿ ಒಯ್ಯುವವರು ಗಮನಿಸಿ. ಶಬರಿಮಲೆ ಯಾತ್ರಿಗಳ ಇರುಮುಡಿಯಲ್ಲಿನ ತೆಂಗಿನಕಾಯಿಗೆ 2024ರ ಅಕ್ಟೋಬರ್‌ನಲ್ಲಿ ವಿನಾಯಿತಿ ಸಿಕ್ಕಿತ್ತು, ಅದೂ 2025ರ ಜನವರಿ 20ರವರೆಗೆ ಅಂತ ಅವಧಿ ಹಾಕಿ. ಹೋಗುವ ಮುನ್ನ ಆ ವರ್ಷದ ನಿಯಮ ಕೇಳಿಕೊಳ್ಳಿ.

ಉಪ್ಪಿನಕಾಯಿ, ತುಪ್ಪ, ಖಾರದ ಪುಡಿ: ಕೈಚೀಲದಲ್ಲಿ ಇಟ್ಟು ವಾದ ಮಾಡುವ ಬದಲು, ವಿಮಾನ ಸಂಸ್ಥೆಯವರನ್ನು ಕೇಳಿ ಚೆಕ್-ಇನ್‌ಗೆ ಕೊಡುವುದೇ ಕ್ಷೇಮ. ವಿದೇಶಕ್ಕೆ ಹೋಗುವವರು ಕೈಚೀಲದಲ್ಲಿ ದ್ರವ ಪದಾರ್ಥ ಒಯ್ಯುವುದಾದರೆ ಒಂದೊಂದು ಬಾಟಲಿ 100 ಎಂಎಲ್ ಮೀರಬಾರದು. ನೀರಿನ ಬಾಟಲಿ ಖಾಲಿ ಒಯ್ದು ಒಳಗೆ ತುಂಬಿಕೊಂಡರೆ ಪ್ರಶ್ನೆಯೇ ಬರಲ್ಲ.

ನಗದು, ಚಿನ್ನ: ದೊಡ್ಡ ಮೊತ್ತ ಕಂಡರೆ ವಿಚಾರಣೆ ಸಹಜ. ಬಿಲ್ಲು, ಬ್ಯಾಂಕ್ ಚೀಟಿ, ಜಿಎಸ್‌ಟಿ ದಾಖಲೆ ಬ್ಯಾಗಿನ ಮೇಲ್ಗಡೆ ಖಾನೆಯಲ್ಲೇ ಇರಲಿ. ಪರ್ಸನ್ನು ಟ್ರೇಯಲ್ಲಿ ಬಿಡಿಯಾಗಿ ಇಡಬೇಡಿ, ಬ್ಯಾಗಿನೊಳಗೆ ಹಾಕಿ ಜಿಪ್ ಎಳೆಯಿರಿ. ಮೌಲ್ಯದ ಸಾಮಾನನ್ನು ಎಲ್ಲರ ಎದುರು ಬಿಚ್ಚಲು ಮುಜುಗರ ಇದ್ದರೆ, ಪಕ್ಕಕ್ಕೆ ಕರೆದೊಯ್ದು ನೋಡುವಂತೆ ವಿನಂತಿಸಬಹುದು.

ಲ್ಯಾಪ್‌ಟಾಪ್, ಮೊಬೈಲ್, ಚಾರ್ಜರ್‌ಗಳನ್ನು ಹೊರಗಿಡಲು ಹೇಳುವ ಕಡೆ ಅವು ಒಂದೇ ಖಾನೆಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ನಾಣ್ಯ, ಕೀಲಿ ಗೊಂಚಲು ಸಾಲಿನಲ್ಲೇ ಬ್ಯಾಗಿಗೆ ಸೇರಲಿ.

ಸಮಯ ಮೀರುತ್ತಿದ್ದರೆ

ಸುಮ್ಮನೆ ನುಗ್ಗಬೇಡಿ, ಜಗಳವೂ ಬೇಡ. ಬೋರ್ಡಿಂಗ್ ಪಾಸ್ ಕೈಯಲ್ಲಿ ಹಿಡಿದು ವಿಮಾನ ಸಂಸ್ಥೆಯ ಸಿಬ್ಬಂದಿಗೆ ಅಥವಾ ಸಾಲು ನೋಡಿಕೊಳ್ಳುವವರಿಗೆ ಹೊರಡುವ ಸಮಯ ಹೇಳಿ. ಗೇಟ್ ಮುಚ್ಚುವ ಹೊತ್ತಾದವರನ್ನು ಮುಂದೆ ಬಿಡುವುದು ರೂಢಿಯಲ್ಲಿದೆ. ಹಿರಿಯರು, ಗಾಲಿಕುರ್ಚಿಯವರು, ಕೈಗೂಸು ಇರುವವರಿಗೆ ಪ್ರತ್ಯೇಕ ಸಾಲು ಇದೆಯೇ ಅಂತ ಮೊದಲೇ ಕೇಳಿ. ಗಂಡ-ಹೆಂಡತಿ ಜೊತೆಗೆ ಹೋಗುವಾಗ ಇಬ್ಬರ ಬೋರ್ಡಿಂಗ್ ಪಾಸೂ ಒಬ್ಬರ ಕೈಯಲ್ಲೇ ಇರಬಾರದು, ತಪಾಸಣೆಯಲ್ಲಿ ಇಬ್ಬರೂ ಬೇರೆ ಬೇರೆ ಸಾಲಿಗೆ ಹೋಗುತ್ತಾರೆ.

ಬೆಂಗಳೂರಿನಲ್ಲಿ ಟರ್ಮಿನಲ್ ಎರಡಿವೆ. ಟಿಕೆಟ್‌ನಲ್ಲಿ ಟಿ1, ಟಿ2 ಯಾವುದೆಂದು ಬಸ್ ಹತ್ತುವಾಗಲೇ ನೋಡಿಕೊಳ್ಳಿ. ತಪ್ಪು ಟರ್ಮಿನಲ್‌ನಲ್ಲಿ ಇಳಿದವರಿಗೆ ಯಾವ ಸಾಲೂ ಉಪಯೋಗಕ್ಕೆ ಬರಲ್ಲ.