ಹಳೆಯ ರಿವಾಲ್ವರ್‌ಗಳ ಸುರಕ್ಷತಾ ಪರೀಕ್ಷೆ: ಇತಿಹಾಸ

ಹಳೆಯ ರಿವಾಲ್ವರಿನಿಂದ ಗುಂಡು ಹಾರಿಸಬಹುದೇ, ಹಾರಿಸಿದರೆ ಗುರಿ ಮುಟ್ಟೀತೇ ಎಂದು ತೀರ್ಮಾನಿಸುವ ಕ್ರಮ ಎರಡು ದಾರಿಗಳಲ್ಲಿ ಬೆಳೆದಿದೆ: ಕಾನೂನಿನ ಪ್ರೂಫ್ ಪರೀಕ್ಷೆ ಮತ್ತು ಕೋವಿ ಕಮ್ಮಾರರ ಕೈಪರೀಕ್ಷೆ.

ಪ್ರೂಫ್ ಪರೀಕ್ಷೆ ರಿವಾಲ್ವರ್‌ಗಿಂತ ಹಳೆಯದು. ಲಂಡನ್ನಿನ ಗನ್‌ಮೇಕರ್ಸ್ ಕಂಪನಿಗೆ 1637ರಲ್ಲಿ ಸನ್ನದು ಸಿಕ್ಕಿತು. ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾಲಯ 1813ರಲ್ಲಿ ಸ್ಥಾಪನೆಯಾಯಿತು. ವಾಡಿಕೆಗಿಂತ ಹೆಚ್ಚಿನ ಮದ್ದು ತುಂಬಿ ಹಾರಿಸಿ, ಲೋಹಕ್ಕೆ ಊನವಾಗದಿದ್ದರೆ ಮುದ್ರೆ ಒತ್ತುತ್ತಿದ್ದರು. ಬ್ರಿಟಿಷ್ ರಿವಾಲ್ವರ್‌ಗಳಲ್ಲಿ ಸಿಲಿಂಡರಿನ ಒಂದೊಂದು ಕೋಣೆಗೂ ಮುದ್ರೆ ಬೀಳುತ್ತಿತ್ತು. ಅಮೆರಿಕದಲ್ಲಿ ಇಂಥ ಸರ್ಕಾರಿ ಪರೀಕ್ಷಾಲಯ ಇರಲಿಲ್ಲ. ತಯಾರಕರ ಮಾತೇ ಆಧಾರ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆರಹಿತ ಮದ್ದು ತಯಾರಿಸಿದ ಮೇಲೆ ಹಳೆಯ ಮುದ್ರೆಗಳ ಬೆಲೆಯೇ ಬದಲಾಯಿತು. ಕರಿಮದ್ದಿನಲ್ಲಿ ಗೆದ್ದ ಲೋಹ ಹೊಸ ಮದ್ದಿನ ಒತ್ತಡವನ್ನೂ ತಾಳುತ್ತದೆಂಬ ಖಾತರಿ ಇಲ್ಲ. ಗೊಂದಲ ಹೆಚ್ಚಿರುವುದು 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ ವಿಷಯದಲ್ಲಿ. ಸಿಲಿಂಡರಿನ ಅಚ್ಚುಕಡ್ಡಿಯನ್ನು ಮುಂದಿನಿಂದ ಬಿಗಿಯುವ ತಿರುಪಿನ ಬದಲು ಅಡ್ಡಗುಂಡಿ ಇದ್ದರೆ ಅದು ಹೊಗೆರಹಿತ ಮದ್ದಿನ ಚೌಕಟ್ಟು ಎಂದು ಸಂಗ್ರಾಹಕರು ಹೇಳುವುದುಂಟು. ಆದರೆ ಅಡ್ಡಗುಂಡಿ ಬಂದದ್ದು 1890ರ ದಶಕದಲ್ಲಿ. ಕಂಪನಿ ಹೊಸ ಮದ್ದಿಗೆ ಖಾತರಿ ಕೊಟ್ಟದ್ದು 1900ರಲ್ಲಿ, ಸುಮಾರು 1,92,000ನೆಯ ಕ್ರಮಸಂಖ್ಯೆಯಿಂದ. ನಡುವಿನ ರಿವಾಲ್ವರ್‌ಗಳನ್ನು ಗುಂಡಿ ನೋಡಿ ನಂಬುವುದು ದುಡುಕು. ಸಿಲಿಂಡರ್ ಬದಲಾಯಿಸಿದ ರಿವಾಲ್ವರಿನಲ್ಲಿ ಕ್ರಮಸಂಖ್ಯೆಯೂ ಪೂರ್ತಿ ಸಾಕ್ಷಿಯಲ್ಲ.

ಕೈಪರೀಕ್ಷೆ ಶುರುವಾಗುವುದು ರಿವಾಲ್ವರ್ ಖಾಲಿಯಿದೆಯೆಂದು ಖಚಿತಪಡಿಸಿಕೊಂಡ ಮೇಲೆ. ಹ್ಯಾಮರನ್ನು ನಿಧಾನವಾಗಿ ಹಿಂದಕ್ಕೆ ಎಳೆದಾಗ, ಅದು ಪೂರ್ತಿ ನಿಲ್ಲುವುದರೊಳಗೆ ಸಿಲಿಂಡರ್ ಬೀಗ ಬಿದ್ದಿರಬೇಕು. ಆರೂ ಕೋಣೆಗಳಿಗೆ ಇದನ್ನು ಬಿಡಿಬಿಡಿಯಾಗಿ ನೋಡುತ್ತಾರೆ. ಬೀಗ ತಡವಾದರೆ ಕೋಣೆ ನಳಿಗೆಗೆ ನೇರವಾಗದೆ ಸೀಸ ಕೆತ್ತಿ ಪಕ್ಕಕ್ಕೆ ಚಿಮ್ಮುತ್ತದೆ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯುತ್ತಾರೆ. ಸಾಮಾನ್ಯವಾಗಿ ಅದು 0.1ರಿಂದ 0.2 ಮಿ.ಮೀ. ನಿಖರತೆಯ ಪ್ರಶ್ನೆಗೆ ಮೆದು ಸೀಸದ ಗುಂಡನ್ನು ನಳಿಗೆಯಲ್ಲಿ ತಳ್ಳಿ ಹೊರತೆಗೆದು ಅಳೆಯುವುದೇ ಹಳೆಯ ಉತ್ತರ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ .45 ಕೋಲ್ಟ್ ನಳಿಗೆಗಳ ತೋಡಿನ ವ್ಯಾಸ ಸಾಮಾನ್ಯವಾಗಿ .454 ಅಂಗುಲ; ಇಂದಿನ .452 ಅಂಗುಲದ ಗುಂಡು ಅದರಲ್ಲಿ ಸಡಿಲ. ರಿವಾಲ್ವರ್ ಗಟ್ಟಿಮುಟ್ಟಾಗಿದ್ದೂ ಗುರಿ ಚದುರುವುದಕ್ಕೆ ಇದೂ ಒಂದು ಕಾರಣ.

1904ರ ಬ್ರಿಟಿಷ್ ನಿಯಮಗಳ ನಂತರ ಹೊಸ ಮದ್ದಿನ ಪರೀಕ್ಷೆಗೆ ಪ್ರತ್ಯೇಕ ಮುದ್ರೆ ಬಳಕೆಗೆ ಬಂತು. ಆ ಮುದ್ರೆಯೂ ಪರೀಕ್ಷಿಸಿದ ಕಾಡತೂಸಿಗಷ್ಟೇ ಸಲ್ಲುತ್ತದೆ. 1915ರ ವೆಬ್ಲಿ ಮಾರ್ಕ್ 6 ರಿವಾಲ್ವರ್‌ಗಳಲ್ಲಿ ಅನೇಕವು ಎರಡನೆಯ ಮಹಾಯುದ್ಧದ ನಂತರ ಅಮೆರಿಕ ಸೇರಿದವು. ಅಲ್ಲಿ ಸಿಲಿಂಡರಿನ ಹಿಂಬದಿ ಉಜ್ಜಿ, ಮೂಲ .455 ಕಾಡತೂಸಿನ ಬದಲು ಸುಲಭವಾಗಿ ಸಿಗುವ .45 ಎ.ಸಿ.ಪಿ. ಕಾಡತೂಸು ಕೂರುವಂತೆ ಮಾಡಿದರು. ಎ.ಸಿ.ಪಿ.ಯ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 21,000 ಪೌಂಡ್, ಮೂಲ ಕಾಡತೂಸಿನದಕ್ಕಿಂತ ಬಹಳ ಹೆಚ್ಚು. ಕಾಡತೂಸು ಸಲೀಸಾಗಿ ಕೂರುತ್ತದೆ ಎಂಬುದೇ ಇಲ್ಲಿನ ಮೋಸ.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮು ತಯಾರಿ, ಮಾರಾಟ, ದುರಸ್ತಿಯ ಜೊತೆಗೆ ಪರೀಕ್ಷೆ ಮತ್ತು ಪ್ರೂಫ್ ಮಾಡುವ ಕೆಲಸವನ್ನೂ ಪರವಾನಗಿಯ ವ್ಯಾಪ್ತಿಗೆ ತಂದಿದೆ.