ಬೇರು ಸವರುವ ಕುಂಡಗಳು: ಅರಣ್ಯ ನರ್ಸರಿಯಿಂದ ಮನೆಯ ತಾರಸಿಗೆ

ಎರಡು ವರ್ಷ ಒಂದೇ ಪ್ಲಾಸ್ಟಿಕ್ ಕುಂಡದಲ್ಲಿದ್ದ ತುಳಸಿಯನ್ನು ಬುಡ ಹಿಡಿದು ಹೊರಗೆಳೆದರೆ ಮಣ್ಣೇ ಕಾಣುವುದಿಲ್ಲ. ಕೊಡ ಹೊರುವ ಸಿಂಬೆಯಂತೆ ಸುತ್ತು ಸುತ್ತಾಗಿ ಹೆಣೆದುಕೊಂಡ ಬೇರು ಮಾತ್ರ ಕಾಣುತ್ತದೆ. ನುಣುಪಾದ ಗೋಡೆಗೆ ತಾಗಿದ ಬೇರಿನ ತುದಿ ಅಲ್ಲಿ ನಿಲ್ಲದೆ ಗೋಡೆಗುಂಟ ತಿರುಗಿ ಸಾಗುತ್ತದೆ. ತುದಿ ಜೀವಂತವಾಗಿರುವಷ್ಟು ಕಾಲ ಅದರ ಹಿಂದೆ ಕವಲುಗಳು ಒಡೆಯುವುದು ಕಡಿಮೆ. ಹೀಗಾಗಿ ಕುಂಡದ ನಡುವಿನ ಮಣ್ಣು, ಹಾಕಿದ ಗೊಬ್ಬರದ ಸಮೇತ, ಬಳಕೆಯಾಗದೆ ಉಳಿಯುತ್ತದೆ. ಅಂಚಿನಲ್ಲಿ ಮಾತ್ರ ಬೇರು ಕಿಕ್ಕಿರಿಯುತ್ತದೆ. ಎಲೆ ಸಣ್ಣದಾದಾಗ ನಾವು ಇನ್ನಷ್ಟು ಗೊಬ್ಬರ ಸುರಿಯುತ್ತೇವೆ.

ಇದನ್ನು ಮೊದಲು ತಲೆಗೆ ಹಚ್ಚಿಕೊಂಡವರು ಔಷಧಿ ಗಿಡದವರಲ್ಲ, ಅರಣ್ಯದವರು. ಮಣ್ಣಿನ ಕುಂಡ, ಬಿದಿರಿನ ಬುಟ್ಟಿ, ಎಲೆಯ ದೊನ್ನೆಗಳಲ್ಲಿ ಸಸಿ ಬೆಳೆಸುತ್ತಿದ್ದ ಕಾಲದಲ್ಲಿ ಈ ತೊಂದರೆ ಅಷ್ಟಾಗಿ ಇರಲಿಲ್ಲ. ದೊನ್ನೆ, ಬುಟ್ಟಿಗಳು ಕೊಳೆತು ಬೇರಿಗೆ ದಾರಿ ಬಿಡುತ್ತಿದ್ದವು. ಅಗ್ಗದ, ಹಗುರದ ಪಾಲಿಥೀನ್ ಚೀಲ ಬಂದ ಮೇಲೆ ಸಸಿಗಳ ಲೆಕ್ಕ ಲಕ್ಷಗಳಿಗೆ ಏರಿತು. ಜೊತೆಗೇ ಚೀಲದ ತಳದಲ್ಲಿ ತಾಯಿಬೇರು ಸುರುಳಿಯಾಗುವುದೂ ಸಾಮಾನ್ಯವಾಯಿತು. ಚೀಲದ ತಳವನ್ನು ಒಂದು ಬೆರಳಿನಷ್ಟು ಬ್ಲೇಡಿನಿಂದ ಕೊಯ್ದು ನೆಡುವ ರೂಢಿ ಬಂದದ್ದು ಈ ಕಾರಣಕ್ಕೆ. ಕೊಯ್ಯದೆ ನೆಟ್ಟ ಮರ ಕೆಲವು ವರ್ಷ ಚೆನ್ನಾಗಿಯೇ ಇದ್ದು, ಒಂದು ಗಾಳಿಮಳೆಗೆ ಬುಡಸಮೇತ ಉರುಳಬಹುದು. 1970ರ ದಶಕದಲ್ಲಿ ಸ್ವೀಡನ್‌ನಲ್ಲಿ ಕಾಗದದ ಕುಂಡಗಳಲ್ಲಿ ಬೆಳೆಸಿ ನೆಟ್ಟ ಪೈನ್ ಮರಗಳು ನೆಟ್ಟಗೆ ನಿಲ್ಲದೆ ವಾಲತೊಡಗಿದಾಗ ಕುಂಡದ ವಿನ್ಯಾಸ ಅಲ್ಲಿಯ ಅರಣ್ಯ ವಿಜ್ಞಾನಿಗಳ ಚರ್ಚೆಯ ವಿಷಯವಾಯಿತು.

ಪರಿಹಾರ ಹಲವು ಕಡೆಗಳಿಂದ ಬಂತು. ಅಮೆರಿಕದ ಕಾರ್ಲ್ ವಿಟ್‌ಕಂಬ್ 1960ರ ದಶಕದ ಕೊನೆಯಲ್ಲಿ ತಳವಿಲ್ಲದ ಹಾಲಿನ ಡಬ್ಬಿಗಳನ್ನು ತಂತಿ ಜಾಲರಿಯ ಮೇಲಿಟ್ಟು ಸಸಿ ಬೆಳೆಸಿದರು. ಕೆಳಗಿಳಿದ ಬೇರಿನ ತುದಿ ಒಣ ಗಾಳಿಗೆ ತಾಗಿ ಸುಟ್ಟಂತಾಯಿತು. ತುದಿಯ ಹಿಡಿತ ತಪ್ಪಿದ ಕೂಡಲೇ ಅದರ ಹಿಂದಿನ ಸುಮಾರು ಹತ್ತು ಸೆಂಟಿಮೀಟರ್ ಉದ್ದದಲ್ಲಿ ಹೊಸ ಕವಲುಗಳು ಒಡೆದವು. ಗಿಡದ ಕುಡಿ ಚಿವುಟಿದರೆ ಪಕ್ಕದ ಮೊಗ್ಗುಗಳು ಚಿಗುರುತ್ತವಲ್ಲ, ಮಣ್ಣಿನೊಳಗೂ ಅದೇ ನಡೆಯುತ್ತದೆ, ಕತ್ತರಿಯ ಕೆಲಸವನ್ನು ಗಾಳಿ ಮಾಡುತ್ತದೆ ಅಷ್ಟೆ. ಮುಂದೆ ಒಕ್ಲಹೋಮಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ವಿಟ್‌ಕಂಬ್ ಇದೇ ತತ್ತ್ವದ ಮೇಲೆ ‘ರೂಟ್‌ಮೇಕರ್’ ಎಂಬ ಕುಂಡಗಳ ಸಾಲನ್ನೇ ತಂದರು.

ಕೆನಡಾದವರು ಹಿಡಿದದ್ದು ಇನ್ನೊಂದು ದಾರಿ. ಕುಂಡದ ಒಳಗೋಡೆಯಲ್ಲಿ ಉದ್ದುದ್ದ ಏಣುಗಳನ್ನಿಟ್ಟು, ಸುತ್ತಲು ಹೊರಟ ಬೇರನ್ನು ಕೆಳಮುಖವಾಗಿ ತಿರುಗಿಸುವುದು, ತಳದ ತೂತಿನಲ್ಲಿ ಗಾಳಿಗೆ ಸವರಲು ಬಿಡುವುದು. ಇಂದು ನಮ್ಮ ನರ್ಸರಿಗಳಲ್ಲಿ ‘ರೂಟ್ ಟ್ರೈನರ್’ ಎನ್ನುವ ಕಪ್ಪು ಟ್ರೇಗಳ ಮೂಲ ಇದೇ. ಅದೇ ದೇಶದ ಬ್ರಿಟಿಷ್ ಕೊಲಂಬಿಯಾದಲ್ಲಿ ಬರ್ಡೆಟ್ ಎಂಬ ವಿಜ್ಞಾನಿ ಕುಂಡದ ಒಳಗೋಡೆಗೆ ತಾಮ್ರದ ಲವಣ ಬೆರೆಸಿದ ಬಣ್ಣ ಬಳಿದು, ಬೇರಿನ ತುದಿ ತಾಮ್ರಕ್ಕೆ ತಾಗಿ ಬೆಳವಣಿಗೆ ನಿಲ್ಲಿಸುವುದನ್ನು 1978ರಲ್ಲಿ ಪ್ರಕಟಿಸಿದರು. ವಿದೇಶದ ನರ್ಸರಿಗಳಲ್ಲಿ ತಾಮ್ರ ಲೇಪದ ಕುಂಡಗಳು ಈಗಲೂ ಇವೆ. ಕಷಾಯಕ್ಕೆ, ಚಟ್ನಿಗೆ ಹೋಗುವ ಗಿಡಕ್ಕೆ ಮಾತ್ರ ನಾನು ಅದನ್ನು ಹೇಳುವುದಿಲ್ಲ. ಅಪಾಯ ದೊಡ್ಡದೆಂದಲ್ಲ, ಗಾಳಿಯೇ ಪುಕ್ಕಟೆ ಮಾಡಿಕೊಡುವ ಕೆಲಸಕ್ಕೆ ಲೋಹ ಯಾಕೆ ಬೇಕು?

ಭಾರತಕ್ಕೆ ರೂಟ್ ಟ್ರೈನರ್ ದೊಡ್ಡ ಪ್ರಮಾಣದಲ್ಲಿ ಬಂದದ್ದು 1990ರ ದಶಕದ ಅರಣ್ಯ ಯೋಜನೆಗಳ ಜೊತೆಗೆ. ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರು ಶ್ರೀಗಂಧದ ಸಸಿಗಳನ್ನು ಪಾಲಿಥೀನ್ ಚೀಲದಲ್ಲೂ ಬೇರೆ ಬೇರೆ ಗಾತ್ರದ ರೂಟ್ ಟ್ರೈನರ್‌ಗಳಲ್ಲೂ ಬೆಳೆಸಿ ಹೋಲಿಸಿದ್ದಾರೆ. ಶ್ರೀಗಂಧ ಬೇರೆ ಗಿಡದ ಬೇರಿನಿಂದ ಆಹಾರ ಹೀರುವ ಜಾತಿ. ಸಸಿಯಿದ್ದಾಗಲೇ ತೊಗರಿಯಂಥ ಆಸರೆ ಗಿಡ ಪಕ್ಕದಲ್ಲಿರಬೇಕು. ಒಂದೇ ಕುಂಡದಲ್ಲಿ ಇಬ್ಬರ ಸಂಸಾರವಾದ್ದರಿಂದ ಅದರ ಗಾತ್ರ ತೀರ ಕಿರಿದಾದರೆ ನಡೆಯುವುದಿಲ್ಲ.

ರೂಟ್ ಟ್ರೈನರ್‌ನಲ್ಲಿ ನಮ್ಮವರು ಹೆಚ್ಚಾಗಿ ಎಡವುವುದು ಎರಡು ಕಡೆ. ಟ್ರೇಯನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ, ನೆಲದಿಂದ ಎತ್ತರದಲ್ಲಿ ಇಡಬೇಕು. ಆಗ ತಳದ ತೂತಿನಲ್ಲಿ ಇಣುಕಿದ ಬಿಳಿ ತುದಿ ಒಣಗಿ ಕಂದು ಬಣ್ಣಕ್ಕೆ ತಿರುಗಿರುವುದು ಬಗ್ಗಿ ನೋಡಿದರೆ ಕಾಣುತ್ತದೆ. ಜಾಗ ಸಾಲದೆಂದು ನೆಲಕ್ಕಿಟ್ಟರೆ ಬೇರು ನೇರ ನೆಲಕ್ಕೆ ಇಳಿಯುತ್ತದೆ, ಕಿತ್ತಾಗ ಹರಿಯುತ್ತದೆ, ದುಬಾರಿ ಟ್ರೇ ಪಾಲಿಥೀನ್ ಚೀಲಕ್ಕಿಂತ ಕಡೆಯಾಗುತ್ತದೆ. ಎರಡನೆಯದು ಕೆಮ್ಮಣ್ಣು ತುಂಬುವುದು. ಅದು ಗಟ್ಟಿಯಾಗಿ ಕೂರುತ್ತದೆ, ನೀರು ಬಸಿಯುವುದಿಲ್ಲ. ಕೋಕೋಪೀಟ್, ಎರೆಗೊಬ್ಬರದಂಥ ಹಗುರ ಮಿಶ್ರಣವೇ ಬೇಕು.

ಮನೆಯ ತಾರಸಿಗೆ ಬಂದು ಸೇರಿದವು ಇದರ ನಂತರದ ಎರಡು ಬಗೆ. ಒಂದು ಏರ್ ಪಾಟ್: ಆಸ್ಟ್ರೇಲಿಯಾದಲ್ಲಿ ಹುಟ್ಟಿ ಸ್ಕಾಟ್ಲೆಂಡ್‌ನಲ್ಲಿ ಬೆಳೆದದ್ದು. ಗೋಡೆಯ ತುಂಬ ಶಂಕುಗಳಿದ್ದು, ಹೊರಚಾಚಿದವುಗಳ ತುದಿಯಲ್ಲಿ ತೂತಿರುತ್ತದೆ; ಬೇರು ಎತ್ತ ಹೋದರೂ ಕೊನೆಗೆ ಒಂದು ತೂತಿಗೇ ಬರುತ್ತದೆ. ಇನ್ನೊಂದು ಬಟ್ಟೆಯ ಚೀಲ, ನಮ್ಮ ಅಂಗಡಿಗಳಲ್ಲಿ ‘ಜಿಯೋ ಫ್ಯಾಬ್ರಿಕ್’ ಎಂದು ಮಾರುವುದು. ಇದರಲ್ಲಿ ಬೇರಿನ ತುದಿ ನೂಲಿನ ನಡುವೆ ಸಿಕ್ಕಿಕೊಳ್ಳುತ್ತದೆ, ಹೊರಗಿನ ಒಣ ಗಾಳಿಗೆ ನಿಲ್ಲುತ್ತದೆ, ಹಿಂದೆ ಕವಲೊಡೆಯುತ್ತದೆ. ಬಿಸಿಲಿಗಿಟ್ಟ ಕಪ್ಪು ಪ್ಲಾಸ್ಟಿಕ್ ಕುಂಡದ ಅಂಚಿನ ಮಣ್ಣು 45 ಡಿಗ್ರಿ ದಾಟಿ ಎಳೆ ಬೇರು ಬೇಯುವುದುಂಟು. ಬಟ್ಟೆಯ ಚೀಲ ಪಕ್ಕದಿಂದ ನೀರನ್ನು ಆವಿ ಮಾಡುತ್ತ ತಂಪಾಗಿರುತ್ತದೆ.

ಆ ತಂಪಿಗೆ ಬೆಲೆ ನೀರು. ಮಾರ್ಚ್ ಕಳೆದ ಮೇಲೆ ರಾಯಚೂರಿನ ತಾರಸಿಯಲ್ಲಿ ಬಟ್ಟೆ ಚೀಲದ ಗಿಡಕ್ಕೆ ಬೆಳಗ್ಗೆ, ಸಂಜೆ ಎರಡೂ ಹೊತ್ತು ನೀರು ಬೇಕಾದೀತು. ಅಲ್ಲಿ ನಾನಾದರೆ ದಪ್ಪ ಗೋಡೆಯ ಮಣ್ಣಿನ ಕುಂಡವನ್ನೇ ಇಡುತ್ತೇನೆ. ತೀರ್ಥಹಳ್ಳಿಯ ಜುಲೈನಲ್ಲಿ ಅದೇ ಬಟ್ಟೆ ಚೀಲ ವರ. ಬುಡದಲ್ಲಿ ನೀರು ನಿಂತು ಕೊಳೆಯುವ ಭಯವಿಲ್ಲ. ಗಡಸು ಬೋರ್ ನೀರಾದರೆ ಕೆಲವೇ ತಿಂಗಳಲ್ಲಿ ಚೀಲದ ಹೊರಮೈಗೆ ಬಿಳಿ ಉಪ್ಪು ಹತ್ತುತ್ತದೆ. ಆಗೀಗ ಮಳೆನೀರು ಅಥವಾ ಸಿಹಿನೀರನ್ನು ತಳದಿಂದ ಹರಿದು ಹೋಗುವಷ್ಟು ಹಾಕಿ ಅದನ್ನು ತೊಳೆಯಬೇಕು. ಏರ್ ಪಾಟ್‌ನಲ್ಲಿ ಮೇಲಿನ ತೂತುಗಳಿಂದಲೇ ನೀರು ಚಿಮ್ಮಿ ಹೋಗದಂತೆ ಮಣ್ಣನ್ನು ಅಂಚಿಗಿಂತ ಸಾಕಷ್ಟು ಕೆಳಗೆ ನಿಲ್ಲಿಸಿ ಅದುಮಿ ತುಂಬಬೇಕು.

ಮಾರುವವರು ಹೇಳದ ಮಾತೊಂದಿದೆ: ಬೇರು ಸವರುವ ಕುಂಡ ಎಲ್ಲ ಔಷಧಿ ಗಿಡಕ್ಕೂ ಒಳ್ಳೆಯದಲ್ಲ. ಗಿಡದ ಯಾವ ಭಾಗ ನಮಗೆ ಬೇಕು, ಅದು ಕುಂಡದಲ್ಲಿ ಎಷ್ಟು ಕಾಲ ಇರುತ್ತದೆ, ಇವೆರಡರ ಮೇಲೆ ಆಯ್ಕೆ ನಿಂತಿದೆ. ವರ್ಷಗಟ್ಟಲೆ ಎಲೆ ಕೊಯ್ಯುವ ತುಳಸಿ, ಆಡುಸೋಗೆಗಳಿಗೆ ಬಟ್ಟೆ ಚೀಲ ಅಥವಾ ಏರ್ ಪಾಟ್ ಹೊಂದುತ್ತದೆ. ಚಿಗುರು ಕಿತ್ತಷ್ಟೂ ಹೊಸದಾಗಿ ಕೊಡಲು ಕವಲುಬೇರು ಬೇಕು. ನೆಲ್ಲಿ, ಬಿಲ್ವ, ಅಶೋಕದಂಥ ಮರಗಳಿಗೆ ಮೊದಲ ವರ್ಷದ ಕುಂಡವೇ ಮುಖ್ಯ, ಆಗ ಸುತ್ತಿದ ಬೇರನ್ನು ಮುಂದೆ ಬಿಡಿಸಲಾಗುವುದಿಲ್ಲ. ಒಂದೆಲಗ, ಬಜೆ ಜೌಗಿನ ಗಿಡಗಳು. ಅವನ್ನು ಒಣಗುವ ಚೀಲದಲ್ಲಿ ಇಡುವುದು ಶಿಕ್ಷೆ; ತೂತಿಲ್ಲದ ಅಗಲ ಟಬ್ ಸಾಕು. ದೊಡ್ಡಪತ್ರೆಗೆ ಏರ್ ಪಾಟ್ ಕೊಳ್ಳುವವರನ್ನು ಕಂಡರೆ ನಗು ಬರುತ್ತದೆ. ಒಡೆದ ಬಕೆಟ್ಟಿನಲ್ಲಿ ಕಡ್ಡಿ ಚುಚ್ಚಿದರೂ ಅದು ಹಬ್ಬುತ್ತದೆ.

ಅಶ್ವಗಂಧದ್ದು ತೀರ ಬೇರೆ ಕತೆ. ಅಲ್ಲಿ ಬೇರೇ ಫಸಲು. ಉದ್ದವಾದ, ದಪ್ಪನೆಯ, ಕವಲಿಲ್ಲದ ತಾಯಿಬೇರಿಗೆ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ. ತುದಿ ಸವರಿ ಕವಲೊಡೆಸುವ ಕುಂಡ ಅದನ್ನು ತೆಳು ಬೇರುಗಳ ಗೊಂಚಲಾಗಿಸುತ್ತದೆ. ಅರ್ಧ ವರ್ಷದೊಳಗೆ ಕಿತ್ತುಬಿಡುವ ಗಿಡವಾದ್ದರಿಂದ ಸುರುಳಿಯ ಭಯವೂ ಕಡಿಮೆ. ಒಂದೂವರೆ ಅಡಿ ಆಳದ ಸಾದಾ ಡ್ರಮ್ಮು, ಸಡಿಲ ಮರಳು ಮಿಶ್ರಿತ ಮಣ್ಣು, ಸಸಿ ಕಿತ್ತು ನೆಡದೆ ನೇರ ಬೀಜ ಬಿತ್ತನೆ, ಇಷ್ಟು ಸಾಕು. ಶತಾವರಿಯೂ ಬೇರಿನ ಬೆಳೆಯೇ, ಆದರೆ ಅದರದು ಗಡ್ಡೆಗಳ ಗೊಂಚಲು; ಕೀಳಲು ಒಂದೂವರೆ ಎರಡು ವರ್ಷ ಬೇಕು. ಅಗಲ ಬಾಯಿಯ ದೊಡ್ಡ ಬಟ್ಟೆ ಚೀಲದಲ್ಲಿ ಅದು ಹಾಯಾಗಿರುತ್ತದೆ.

ಕೊಳ್ಳುವಾಗ ಹೆಸರಿಗೆ ಮರುಳಾಗಬಾರದು. ನಮ್ಮಲ್ಲಿ ‘ಗ್ರೋ ಬ್ಯಾಗ್’ ಎಂದು ಮಾರುವ ಹಸಿರು ಚೀಲಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್ ಪದರ ಹಚ್ಚಿದ ನೇಯ್ಗೆ. ಗಾಳಿಯಾಡುವುದಿಲ್ಲ, ಬೇರು ಸವರುವುದಿಲ್ಲ. ಅಂಗಡಿಯಲ್ಲೇ ಚೀಲದ ಪಕ್ಕಕ್ಕೆ ಬಾಯಿಟ್ಟು ಊದಿ ನೋಡಿ. ಉಸಿರು ಆಚೆ ದಾಟಿದರೆ ಅದು ಬೇರು ಸವರುವ ಬಟ್ಟೆ, ದಾಟದಿದ್ದರೆ ಹಿಡಿಕೆ ಇರುವ ಪ್ಲಾಸ್ಟಿಕ್ ಕುಂಡ. ನಿಜವಾದ ಬಟ್ಟೆ ಚೀಲವೂ ಬಿಸಿಲಿಗೆ ಕೆಲವು ವರ್ಷದಲ್ಲಿ ಜಾಳಾಗುತ್ತದೆ. ಗಿಡ ಬದಲಿಸುವಾಗ ಬೇರು ನೂಲಿಗೆ ಅಂಟಿರುವುದರಿಂದ ಎಳೆಯದೆ ಬ್ಲೇಡಿನಿಂದ ಸೀಳಿ ಬಿಡಿಸಬೇಕು. ಆ ಚೀಲದ ಖರ್ಚನ್ನು ಗಿಡದ ಲೆಕ್ಕಕ್ಕೇ ಬರೆದುಕೊಳ್ಳಬೇಕು.