ದಿನ ತುಂಬುವ ತಿಂಗಳುಗಳ ಕಟಿಕೀಲಿನ ನೋವು: ಲಿಂಗರಾಜಪುರದ ದುಡಿಮೆಯ ಹಿನ್ನೆಲೆಯಲ್ಲಿ

ಏಳು ತಿಂಗಳು ತುಂಬಿದ ಬಸುರಿಗೆ ಮಗ್ಗುಲು ಬದಲಿಸುವಾಗ, ಮೆಟ್ಟಿಲು ಹತ್ತುವಾಗ ಅಥವಾ ಒಂಟಿಕಾಲಲ್ಲಿ ನಿಂತು ಬಟ್ಟೆ ತೊಡುವಾಗ ಪೃಷ್ಠದ ಮೇಲ್ಭಾಗದಲ್ಲೋ ಕಿಬ್ಬೊಟ್ಟೆಯ ಕೆಳಗಿನ ಮೂಳೆಯ ಕೂಡಿನಲ್ಲೋ ಚಳುಕು ಹೊಡೆದರೆ, ಅದನ್ನು ಸಾಮಾನ್ಯ ಸೊಂಟನೋವೆಂದು ತಳ್ಳಿಹಾಕುವುದೇ ರೂಢಿ. 2008ರಲ್ಲಿ ಪ್ರಕಟವಾದ ಯುರೋಪಿನ ಮಾರ್ಗಸೂಚಿ ಈ ಕಟಿಕೀಲಿನ ನೋವನ್ನು ಬೆನ್ನಿನ ನೋವಿನಿಂದ ಬೇರ್ಪಡಿಸಿ, ಸುಮಾರು ಶೇ. 20ರಷ್ಟು ಗರ್ಭಿಣಿಯರಲ್ಲಿ ಅದು ಕಾಣುತ್ತದೆಂದು ಗುರುತಿಸಿತು. ನಿರ್ದಿಷ್ಟ ಚಲನೆಗಳಿಗೆ ಅಂಟಿಕೊಂಡು ಬರುವ ನೋವು ಇದು. ಹಾಗಾಗಿ ಇದಕ್ಕೆ ಪರಿಹಾರವನ್ನು ದಿನದ ಕೆಲಸ ಮಾಡುವ ಬಗೆಯಲ್ಲಿ ಹುಡುಕಬೇಕೇ ಹೊರತು ಹಲ್ಲುಕಚ್ಚಿ ಸಹಿಸುವುದರಲ್ಲಿ ಅಲ್ಲ, ಸದಾ ಮಲಗಿರುವುದರಲ್ಲಿಯೂ ಅಲ್ಲ ಎಂಬುದು ನನ್ನ ವಾದ.

ರಿಲಾಕ್ಸಿನ್ ಹಾರ್ಮೋನು ಕೀಲುಗಳನ್ನು ಸಡಿಲಿಸುವುದರಿಂದ ನೋವು ಬರುತ್ತದೆ ಎಂಬ ವಿವರಣೆ ಎಲ್ಲೆಡೆ ಚಾಲ್ತಿಯಲ್ಲಿದೆ. ಆದರೆ ರಕ್ತದಲ್ಲಿ ಅದರ ಪ್ರಮಾಣಕ್ಕೂ ನೋವಿನ ತೀವ್ರತೆಗೂ ಸ್ಥಿರವಾದ ನಂಟು ಕಂಡುಬಂದಿಲ್ಲ. ಮುಂಭಾಗದ ಮೂಳೆಗಳ ನಡುವಿನ ಅಂತರವೂ ನೋವನ್ನು ಅಳೆಯುವ ಮಾನದಂಡವಾಗಲಾರದು. ಸಡಿಲತೆ ಎಲ್ಲ ಬಸುರಿಯರಲ್ಲೂ ಉಂಟು. ಆ ಕೀಲುಗಳ ಮೇಲೆ ಭಾರ ಹೇಗೆ ಬೀಳುತ್ತದೆ, ಸ್ನಾಯುಗಳು ಅದನ್ನು ಹೇಗೆ ಹಿಡಿದಿಡುತ್ತವೆ ಎಂಬುದನ್ನೂ ನೋಡಬೇಕಾಗುತ್ತದೆ. 2005ರಲ್ಲಿ ಸ್ವೀಡನ್ನಿನಲ್ಲಿ 386 ಗರ್ಭಿಣಿಯರ ಮೇಲೆ ನಡೆದ ಪ್ರಯೋಗದಲ್ಲಿ ಸಾಮಾನ್ಯ ಆರೈಕೆಯೊಂದಕ್ಕಿಂತ ಅದರ ಜೊತೆಗೆ ಸ್ನಾಯು ಬಲಪಡಿಸುವ ವ್ಯಾಯಾಮವೋ ಆಕ್ಯುಪಂಕ್ಚರೋ ಸೇರಿದಾಗ ನೋವು ಹೆಚ್ಚು ತಗ್ಗಿತು. 2015ರ ಕಾಕ್ರೇನ್ ಸಮೀಕ್ಷೆ 34 ಪ್ರಯೋಗಗಳನ್ನು ಒಟ್ಟುಮಾಡಿ, ಪುರಾವೆ ಅಷ್ಟೇನೂ ಗಟ್ಟಿಯಿಲ್ಲವೆಂದು ಎಚ್ಚರಿಸಿತು. ಒಂದೇ ರಾಮಬಾಣ ಇಲ್ಲವೆಂದಾಗ ಪ್ರತಿಯೊಬ್ಬಳ ದಿನಚರಿಯನ್ನು ವಿಚಾರಿಸುವುದು ಇನ್ನಷ್ಟು ಅಗತ್ಯ.

ಬೆಂಗಳೂರಿನ ಲಿಂಗರಾಜಪುರದಂಥ ಬಡಾವಣೆಯಲ್ಲಿ ಆ ದಿನಚರಿ ಎಂಥದು? ಲಿಫ್ಟಿಲ್ಲದ ಮೇಲ್ಮಹಡಿಯ ಬಾಡಿಗೆ ಮನೆ, ಕುಕ್ಕರಗಾಲಲ್ಲಿ ಕೂರಬೇಕಾದ ಕಕ್ಕಸು, ಒಂದೇ ಕೈಯಲ್ಲಿ ತೂಗುವ ನೀರಿನ ಕ್ಯಾನು, ಸೊಂಟದ ಒಂದು ಬದಿಗೆ ಏರಿ ಕೂರುವ ಮೊದಲ ಮಗು, ಶಿವಾಜಿನಗರದ ಬಸ್ಸಿನಲ್ಲಿ ನಿಂತೇ ಮಾಡುವ ಪ್ರಯಾಣ. ಇವುಗಳಲ್ಲಿ ಹೆಚ್ಚಿನವು ಭಾರವನ್ನು ಒಂದು ಬದಿಗೆ ಹಾಕುವಂಥವು. ನೀರನ್ನು ಎರಡು ಚಿಕ್ಕ ಪಾತ್ರೆಗಳಿಗೆ ಹಂಚುವುದು, ಮಗುವನ್ನು ಕೂತೇ ತೊಡೆಗೆ ಎಳೆದುಕೊಳ್ಳುವುದು, ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಊರುವುದು, ಮೊಣಕಾಲುಗಳ ನಡುವೆ ದಿಂಬಿಟ್ಟು ಮಗ್ಗುಲಾಗಿ ಮಲಗುವುದು, ಹೊರಳುವಾಗ ಮಂಡಿಗಳನ್ನು ಜೋಡಿಸಿಕೊಳ್ಳುವುದು: ಇದಕ್ಕೆ ಹಣ ಬೇಡ, ಮನೆಯವರ ಸಹಕಾರ ಬೇಕು. ಕೆಲವರಿಗೆ ಸೊಂಟಕ್ಕೆ ಕಟ್ಟುವ ಪಟ್ಟಿಯೂ ಆಸರೆಯಾಗುತ್ತದೆ.

ಮೈ ಬಗ್ಗಿಸಿ ದುಡಿದರೆ ಹೆರಿಗೆ ಸಲೀಸು ಎಂದು ಹಿರಿಯರು ಆಕ್ಷೇಪಿಸಬಹುದು. ನಡಿಗೆ, ಚಟುವಟಿಕೆಗಳ ಒಳಿತನ್ನು ನಾನು ಅಲ್ಲಗಳೆಯುವುದಿಲ್ಲ. ಚಳುಕು ಹೊಡೆಸುವ ಚಲನೆಯನ್ನೇ ಮತ್ತೆ ಮತ್ತೆ ಮಾಡಿಸುವುದಷ್ಟೇ ತಪ್ಪು. ಹೆತ್ತ ಮೇಲೆ ತಾನಾಗಿ ಹೋಗುತ್ತದೆ ಎಂಬುದು ಇನ್ನೊಂದು ಮಾತು. ಬಹುತೇಕರಿಗೆ ಹೋಗುತ್ತದೆ, ಆದರೆ ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹೋಗುವ ನೋವೂ ಅಷ್ಟು ದಿನ ನಿದ್ದೆ, ಸಂಪಾದನೆ ಎರಡನ್ನೂ ತಿನ್ನುತ್ತದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ತಂದ 26 ವಾರಗಳ ಹೆರಿಗೆ ರಜೆಯಲ್ಲಿ 8 ವಾರಗಳನ್ನು ಹೆರಿಗೆಗೆ ಮೊದಲೇ ಪಡೆಯಬಹುದು. ಮನೆಗೆಲಸದವಳಿಗೆ ಆ ರಕ್ಷಣೆಯಿಲ್ಲ. ಕೂತು ಮಾಡುವ ಕೆಲಸವನ್ನು ಕೇಳಿಕೊಳ್ಳಲೂ ಅವಳಿಗೆ ಸಂಕೋಚವಿರುತ್ತದೆ ಎಂಬುದು ನನಗೆ ಅತ್ಯಂತ ಕಳವಳದ ಸಂಗತಿ.

ಆಸ್ಪತ್ರೆಯಲ್ಲಿ ಸರತಿ ಸಾಲು ಉದ್ದವಿರುವಾಗ ಒಬ್ಬೊಬ್ಬಳ ದಿನಚರಿಯನ್ನು ವಿಚಾರಿಸಲು ಸಮಯವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ನಡೆಯುತ್ತಿದೆ. ಮಗ್ಗುಲಾಗುವಾಗ ನೋವೇ, ಮೆಟ್ಟಿಲು ಹತ್ತುವಾಗ ನೋವೇ ಎಂದು ದಾದಿ ಅಲ್ಲಿ ಕೇಳಬಹುದು. ಹೀಗೆ ಕೇಳದೆ ಬಿಟ್ಟರೆ ಬಸುರಿ ಮೆಡಿಕಲ್ ಶಾಪಿನ ನೋವಿನ ಮಾತ್ರೆಗೆ ಮೊರೆಹೋಗುತ್ತಾಳೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ಕೊನೆಯ ತಿಂಗಳುಗಳಲ್ಲಿ ಶಿಶುವಿನ ಹೃದಯದ ಬಳಿಯ ರಕ್ತನಾಳವನ್ನು ಅಕಾಲದಲ್ಲಿ ಮುಚ್ಚಿಸಬಲ್ಲವು, ಗರ್ಭಜಲವನ್ನೂ ತಗ್ಗಿಸಬಲ್ಲವು. ರಕ್ತಸ್ರಾವ, ಜ್ವರ, ಉರಿಮೂತ್ರ, ಬಿಟ್ಟು ಬಿಟ್ಟು ಬರುವ ಬಿಗಿತ, ಮಗುವಿನ ಮಿಸುಕಾಟ ತಗ್ಗುವುದು ಇವು ಕೀಲುನೋವಿನ ಲಕ್ಷಣಗಳಲ್ಲ. ಕೂಡಲೇ ಆಸ್ಪತ್ರೆಗೆ ಹೋಗಬೇಕು. ತೊಡೆಗಳನ್ನು ನೋವಿಲ್ಲದೆ ಎಷ್ಟು ಅಗಲಿಸಬಲ್ಲಳೆಂಬುದನ್ನು ತಾಯಿ ಕಾರ್ಡಿನಲ್ಲಿ ಬರೆದಿಟ್ಟರೆ, ಹೆರಿಗೆಯ ಹೊತ್ತಿನಲ್ಲಿ, ವಿಶೇಷವಾಗಿ ಬೆನ್ನಿಗೆ ಅರಿವಳಿಕೆ ಕೊಟ್ಟು ಅವಳಿಗೆ ನೋವೇ ತಿಳಿಯದಿರುವಾಗ, ಆ ಮಿತಿ ಮೀರದಂತೆ ಕಾಲುಗಳನ್ನು ಹಿಡಿಯಬಹುದು; ಮಗ್ಗುಲಾಗಿ ಹೆರುವುದಕ್ಕೂ ಅವಕಾಶವಿರುತ್ತದೆ.